ಮಳೆಗಾಲದ ಕೋಳಿ ಶೆಡ್: ಯಾವ ಹೊಟ್ಟು ಹಾಸಬೇಕು, ಹೇಗೆ ಒಣಗಿಸಿ ಇಡಬೇಕು?

ಪ್ರಶ್ನೆ: ನಮ್ಮದು ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ಮನೆ ಹಿಂದೆ 10 ಅಡಿ ಅಗಲ, 12 ಅಡಿ ಉದ್ದದ ತಗಡಿನ ಶೆಡ್ ಇದೆ. ನೆಲಕ್ಕೆ ಫರಸಿ ಹಾಕಿಸಿದ್ದೇವೆ. ಗಿರಿರಾಜ, ಜವಾರಿ ಎರಡೂ ಸೇರಿ 40 ಕೋಳಿ, ಅವುಗಳ ಜೊತೆಗೇ 25 ಮರಿಗಳಿದ್ದವು. ಶೇಂಗಾ ಸಿಪ್ಪೆ ಹಾಸಿದ್ದೇನೆ. ಮಳೆ ಹಿಡಿದಾಗಿನಿಂದ ವಾಸನೆ ತಡೆಯೋಕೆ ಆಗುತ್ತಿಲ್ಲ, ನೊಣವೂ ಜಾಸ್ತಿ. ಸುಣ್ಣದ ಪುಡಿ ಚೆಲ್ಲಿದೆ, ವಾಸನೆ ಇನ್ನೂ ಹೆಚ್ಚಾದಂತೆ ಅನಿಸಿತು. ವಾರಕ್ಕೊಮ್ಮೆ ಎಲ್ಲಾ ಬಳಿದು ಹಾಕಿ, ನೀರು ಹೊಡೆದು ತೊಳೆದು, ಹೊಸ ಸಿಪ್ಪೆ ಹಾಸುತ್ತೇನೆ. ಒಂದು ತಿಂಗಳ ಮರಿಗಳಲ್ಲಿ ಮೂರು ಸತ್ತವು, ಹಿಕ್ಕೆಯಲ್ಲಿ ರಕ್ತ ಕಂಡಿತು. ಯಾವ ಹೊಟ್ಟು ಹಾಸಿದರೆ ಒಳ್ಳೆಯದು? ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ತೆಗೆದ ಹಾಸನ್ನು ಪಕ್ಕದ ಮನೆಯವರು ಮೆಣಸಿನಕಾಯಿ ಹೊಲಕ್ಕೆ ಕೇಳುತ್ತಿದ್ದಾರೆ, ಕೊಡಬಹುದಾ?

ಉತ್ತರ: ಹೊಟ್ಟಿನ ಮಾತು ಆಮೇಲೆ ಆಡೋಣ ಅಕ್ಕಾರೇ, ಮೊದಲು ಮರಿಗಳನ್ನು ನೋಡಿ. ಒಂದು ತಿಂಗಳ ಮರಿ, ಮಳೆಗಾಲ, ಹಸಿ ನೆಲ, ಹಿಕ್ಕೆಯಲ್ಲಿ ರಕ್ತ. ಇಷ್ಟೂ ಕೂಡಿದಾಗ ಮೊದಲು ಅನುಮಾನ ಬರುವುದು ರಕ್ತಭೇದಿಯ ಮೇಲೆ. ಡಾಕ್ಟರು ಇದನ್ನು ಕಾಕ್ಸಿಡಿಯೋಸಿಸ್ ಎನ್ನುತ್ತಾರೆ. 3ರಿಂದ 6 ವಾರದ ಮರಿಗಳಿಗೆ ಇದರ ಕಾಟ ಹೆಚ್ಚು. ಇವತ್ತೇ ಒಂದಿಷ್ಟು ಹೊಸ ಹಿಕ್ಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಮತ್ತೆ ಮರಿ ಸತ್ತರೆ ಅದನ್ನೂ ಬೇರೆ ಚೀಲದಲ್ಲಿ ಕಟ್ಟಿ ಒಯ್ಯಿರಿ, ಕರುಳು ಬಿಡಿಸಿ ನೋಡಿದರೆ ಬೇಗ ಗೊತ್ತಾಗುತ್ತದೆ. ಸಾಮಾನ್ಯವಾಗಿ ಆಂಪ್ರೋಲಿಯಂನಂಥ ಔಷಧಿಯನ್ನು ಕುಡಿಯುವ ನೀರಿನಲ್ಲಿ ಹಾಕಿ ಕೊಡುತ್ತಾರೆ. ಎಷ್ಟು ಹಾಕಬೇಕು, ಎಷ್ಟು ದಿನ ಕೊಡಬೇಕು ಅನ್ನುವುದನ್ನು ಅವರೇ ಹೇಳಲಿ. ಉಳಿದ ಮರಿಗಳನ್ನು ಇವತ್ತೇ ದೊಡ್ಡ ಕೋಳಿಗಳಿಂದ ಬೇರೆ ಮಾಡಿ. ಇದನ್ನು ನಾಳೆಗೆ ಬಿಡಬೇಡಿ.

ಈ ರೋಗಕ್ಕೂ ನೆಲದ ಹಾಸಿಗೂ ನೇರ ಸಂಬಂಧ ಇದೆ. ರೋಗ ತರುವ ಜೀವಿಯ ತತ್ತಿಗಳು ಹಿಕ್ಕೆಯ ಜೊತೆ ಹೊರಗೆ ಬರುತ್ತವೆ. ಬಿದ್ದ ಗಳಿಗೆಯಲ್ಲಿ ಅವು ಯಾರಿಗೂ ರೋಗ ಹಚ್ಚಲಾರವು. ಶೆಖೆ, ತೇವ, ಗಾಳಿ ಮೂರೂ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತವೆ. ಬಲಿತ ತತ್ತಿ ಮರಿಯ ಹೊಟ್ಟೆಗೆ ಹೋದರೆ ರೋಗ ಶುರು. ಸುಣ್ಣಕ್ಕಾಗಲಿ ಫಿನಾಯಿಲಿಗಾಗಲಿ ಅವು ಸುಲಭಕ್ಕೆ ಸಾಯುವುದಿಲ್ಲ, ಅವುಗಳ ಹೊರಚಿಪ್ಪು ಅಷ್ಟು ಗಟ್ಟಿ. ಆದರೆ ಒಣಗಿದ ಜಾಗದಲ್ಲಿ ಬಲಿಯಲಾರವು. ಹಾಗಾಗಿ ಶೆಡ್ಡಿನಲ್ಲಿ ಹೊಟ್ಟು ಯಾಕೆ ಹಾಸುತ್ತೇವೆ ಅಂದರೆ ಹಿಕ್ಕೆಯ ನೀರನ್ನು ಹೀರಿಕೊಂಡು, ಅದನ್ನು ಗಾಳಿಗೆ ಬಿಟ್ಟುಕೊಟ್ಟು, ನೆಲವನ್ನು ಒಣಗಿಸಿ ಇಡಲಿ ಅಂತ. ನೀವು ಯಾವುದನ್ನೇ ಹಾಸಿ, ಈ ಎರಡು ಕೆಲಸ ಅದು ಮಾಡುತ್ತಿದೆಯಾ ಅನ್ನುವುದನ್ನಷ್ಟೇ ನೋಡಬೇಕು.

ಎಷ್ಟು ನೀರು ಅಂತ ಒಮ್ಮೆ ಲೆಕ್ಕ ಹಾಕೋಣ. ದೊಡ್ಡ ಕೋಳಿಯೊಂದು ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ. ಜವಾರಿ ಸ್ವಲ್ಪ ಕಡಿಮೆ, ಗಿರಿರಾಜ ಸ್ವಲ್ಪ ಹೆಚ್ಚು. 40 ಕೋಳಿಗೆ 4 ಕಿಲೋ ಆಯಿತು. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಅಂದರೆ ದಿನಾ 3 ಲೀಟರ್, ತಿಂಗಳಿಗೆ 90 ಲೀಟರ್ ನೀರು ನಿಮ್ಮ ಹಾಸಿನ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಇದು ತಾನಾಗಿಯೇ ಹಾರಿಹೋಗುತ್ತದೆ. ಆಷಾಢ, ಶ್ರಾವಣದಲ್ಲಿ ನಿಮ್ಮ ಕಡೆ ಜಿಟಿಜಿಟಿ ಮಳೆ ವಾರಗಟ್ಟಲೆ ಬಿಡುವುದಿಲ್ಲ, ಗಾಳಿಯೇ ಹಸಿಯಾಗಿರುತ್ತದೆ. ಹಿಕ್ಕೆಯ 3 ಲೀಟರೇ ಆರುವುದು ಕಷ್ಟ ಇರುವಾಗ ಅದರ ಮೇಲೆ ಕುಡಿಯುವ ಪಾತ್ರೆಯಿಂದ ಚೆಲ್ಲಿದ್ದು, ತಗಡಿನಿಂದ ಸೋರಿದ್ದು, ಪಡುವಣ ಗಾಳಿಗೆ ಎರಚಿದ್ದು ಸೇರಿದರೆ ಯಾವ ಹೊಟ್ಟೂ ತಾಳುವುದಿಲ್ಲ.

ಹೀಗಿರುವಾಗ ವಾರಕ್ಕೊಮ್ಮೆ ನೀರು ಹೊಡೆದು ತೊಳೆಯುವುದನ್ನು ದಯವಿಟ್ಟು ನಿಲ್ಲಿಸಿ. ನಿಮ್ಮ ಶ್ರಮ ನನಗೆ ಅರ್ಥವಾಗುತ್ತದೆ. ಮನೆ ಸ್ವಚ್ಛ ಇಡುವವರು ಶೆಡ್ಡನ್ನೂ ಹಾಗೇ ಇಡಬೇಕು ಅಂದುಕೊಳ್ಳುವುದು ಸಹಜ. ಆದರೆ ಫರಸಿ ಕಲ್ಲಿನ ಸಂದುಗಳಲ್ಲಿ ಇಳಿದ ನೀರು ಮಳೆಗಾಲದಲ್ಲಿ ಎರಡು ದಿನವಾದರೂ ಆರುವುದಿಲ್ಲ. ಮೇಲೆ ಕಲ್ಲು ಒಣಗಿದಂತೆ ಕಂಡರೂ ಸಂದಿನಲ್ಲಿ ಪಸೆ ಹಾಗೇ ಇರುತ್ತದೆ. ಅದರ ಮೇಲೆ ಹೊಸ ಸಿಪ್ಪೆ ಹಾಸಿದರೆ ಅದು ಕೆಳಗಿನಿಂದಲೇ ನೆನೆಯಲು ಶುರುವಾಗುತ್ತದೆ. ವಾರ ವಾರ ಹೊಸ ಸಿಪ್ಪೆ ಹಾಕಿಯೂ ನಿಮ್ಮ ಶೆಡ್ಡಿನ ವಾಸನೆ ಹೋಗದೆ ಇರುವುದಕ್ಕೆ ಇದೊಂದು ಕಾರಣ.

ಎರಡನೆಯ ಕಾರಣ ಸುಣ್ಣ. ಸುಣ್ಣ ಹಾಕಿದ ಮೇಲೆ ವಾಸನೆ ಹೆಚ್ಚಾಯಿತು ಅಂದಿರಿ. ನಿಮಗೆ ಅನಿಸಿದ್ದು ಸರಿ. ಹಿಕ್ಕೆಯ ಮೇಲೆ ಬಿಳಿ ಟೋಪಿಯಂತೆ ಕಾಣುತ್ತದಲ್ಲ, ಅದು ಯೂರಿಕ್ ಆಮ್ಲ. ಕೋಳಿಯ ಮೂತ್ರ ಅಂದರೆ ಅದೇ. ತೇವ ಸಿಕ್ಕಾಗ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಕಣ್ಣು ಚುರುಗುಟ್ಟಿಸುವ ಆ ಘಾಟು ಅದರದ್ದೇ. ಹಾಸು ಹುಳಿ ಕಡೆಗಿದ್ದರೆ ಅಮೋನಿಯಾ ಅದರಲ್ಲೇ ಕಟ್ಟಿಹಾಕಿಕೊಂಡಿರುತ್ತದೆ. ಸುಣ್ಣ ಕ್ಷಾರ. ಅದು ಬಿದ್ದ ಕೂಡಲೇ ಕಟ್ಟಿಕೊಂಡಿದ್ದ ಅಮೋನಿಯಾ ಬಿಡುಗಡೆಯಾಗಿ ಗಾಳಿಗೆ ಏಳುತ್ತದೆ. ಒಲೆಯ ಬೂದಿಯೂ ಕ್ಷಾರವೇ, ಅದನ್ನು ಚೆಲ್ಲಿದರೂ ಇದೇ ಆಗುತ್ತದೆ. ಹಾಗಂತ ಸುಣ್ಣ ಕೆಟ್ಟದ್ದಲ್ಲ, ಅದಕ್ಕೊಂದು ಹೊತ್ತಿದೆ. ಶೆಡ್ ಪೂರ್ತಿ ಖಾಲಿ ಮಾಡಿದಾಗ, ಬರೀ ನೆಲಕ್ಕೆ, ಗೋಡೆಯ ಬುಡಕ್ಕೆ ಸುಣ್ಣ ಬಳಿದು, ಅದು ಪೂರ್ತಿ ಒಣಗಿದ ಮೇಲೆ ಹೊಟ್ಟು ಹಾಸಬೇಕು. ಕೋಳಿ ಓಡಾಡುವ ಹಸಿ ಹಾಸಿನ ಮೇಲೆ ಚೆಲ್ಲಿದರೆ ಅವುಗಳ ಪಾದವೂ ಸುಡುತ್ತದೆ. ಬೂದಿಯನ್ನು ಕೆಮ್ಮಣ್ಣಿನ ಜೊತೆ ಬೆರೆಸಿ ಒಂದು ಹಳೆಯ ಟೈರಿನೊಳಗೆ ಹಾಕಿಡಿ. ಕೋಳಿ ಅದರಲ್ಲಿ ಹೊರಳಾಡಿ ಹೇನು ಉದುರಿಸಿಕೊಳ್ಳುತ್ತದೆ.

ಅಮೋನಿಯಾ ಬಗ್ಗೆ ಇನ್ನೊಂದು ಮಾತು. ನಾವು ನಿಂತು ಮೂಸುತ್ತೇವೆ, ಕೋಳಿ ನೆಲಕ್ಕೆ ಒಂದು ಅಡಿ ಮೇಲೆ ಉಸಿರಾಡುತ್ತದೆ, ಮರಿಯಂತೂ ಮೂರು ಇಂಚಿನಲ್ಲಿ. ಬೆಳಿಗ್ಗೆ ಶೆಡ್ ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ ಕುಕ್ಕರಗಾಲಲ್ಲಿ ಕೂತು ನಾಲ್ಕು ಸಲ ಉಸಿರೆಳೆದುಕೊಳ್ಳಿ. ಮೂಗು ಉರಿದರೆ, ಕಣ್ಣಲ್ಲಿ ನೀರಾಡಿದರೆ ಅಲ್ಲಿ ಹತ್ತು ಲಕ್ಷ ಪಾಲು ಗಾಳಿಯಲ್ಲಿ 20-25 ಪಾಲಿಗಿಂತ ಹೆಚ್ಚು ಅಮೋನಿಯಾ ಇದೆ ಅಂತ ಇಟ್ಟುಕೊಳ್ಳಿ. ಅಷ್ಟಿದ್ದರೆ ಕೋಳಿಯ ಶ್ವಾಸನಾಳದ ಒಳಪದರ ಕೆಡಲು ಶುರುವಾಗುತ್ತದೆ. ಆಮೇಲೆ ನೆಗಡಿ, ಗೊರಗೊರ ಸದ್ದು, ಕಣ್ಣು ಊದುವುದು ಒಂದರ ಹಿಂದೆ ಒಂದು ಬರುತ್ತವೆ. ದಿನಾ ಅಲ್ಲೇ ಓಡಾಡುವವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಅದಕ್ಕೇ ಬೆಳಗಿನ ಮೊದಲ ಉಸಿರನ್ನು ನಂಬಿ.

ಈಗ ನೀರು ಬರುವ ದಾರಿಗಳನ್ನು ಮುಚ್ಚೋಣ. ನನ್ನ ಅನುಭವದಲ್ಲಿ ಹಾಸು ಕೆಟ್ಟ ಹತ್ತು ಶೆಡ್ಡಿಗೆ ಹೋದರೆ ಹೆಚ್ಚಿನವುಗಳಲ್ಲಿ ತಪ್ಪು ಇರುವುದು ಕುಡಿಯುವ ನೀರಿನ ಜಾಗದಲ್ಲಿ. ಅಗಲ ಬಾಯಿಯ ಬೋಗುಣಿ, ಅಡ್ಡ ಕತ್ತರಿಸಿದ ಕೊಡ, ಇಂಥವು ಇಟ್ಟರೆ ಕೋಳಿ ಅದರಲ್ಲಿ ಕಾಲಿಡುತ್ತದೆ, ಕೊಕ್ಕು ಅದ್ದಿ ಜಾಡಿಸುತ್ತದೆ, ಅಂಚಿನ ಮೇಲೆ ಏರುತ್ತದೆ. ಅದರ ಬದಲು ಬೆಲ್ ಡ್ರಿಂಕರ್, ಅಂದರೆ ಗಂಟೆಯ ಆಕಾರದ ಕುಡಿಯುವ ಪಾತ್ರೆ ತಂದು ಹಗ್ಗಕ್ಕೆ ತೂಗುಹಾಕಿ. ಅದರ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಬೇಕು. ಕೊಕ್ಕು ತಾಗಿಸಿದಾಗ ಮಾತ್ರ ಹನಿ ಬಿಡುವ ನಿಪ್ಪಲ್ ಪೈಪ್ ಹಾಕಿಸಿಕೊಳ್ಳಲು ಆದರೆ ಇನ್ನೂ ಒಳ್ಳೆಯದು. ಯಾವುದೇ ಇರಲಿ, ಅದರ ಕೆಳಗೆ ಮೂರಡಿ ಚೌಕದ ಜಾಗದಲ್ಲಿ ಹೊಟ್ಟು ಹಾಸಬೇಡಿ. ಸಣ್ಣ ಕಲ್ಲು, ಮೇಲೆ ಉಸುಕು ಹಾಕಿ, ಅದರ ಮೇಲೆ ಜಾಳಿಗೆ ಇಡಿ. ಚೆಲ್ಲಿದ ನೀರು ಅಲ್ಲೇ ಇಳಿಯುತ್ತದೆ, ಹಾಸಿಗೆ ಹಬ್ಬುವುದಿಲ್ಲ. ಆಗಾಗ ಆ ಉಸುಕನ್ನು ಬದಲಿಸಿದರೆ ಸಾಕು. ಕೈಯಲ್ಲಿ ದುಡ್ಡು ಸ್ವಲ್ಪವೇ ಇದ್ದರೆ ಒಳ್ಳೆಯ ಹೊಟ್ಟಿಗೆ ಕೊಡುವ ಮೊದಲು ಒಳ್ಳೆಯ ಡ್ರಿಂಕರಿಗೆ ಕೊಡಿ ಅಂತಲೇ ನಾನು ಹೇಳುವುದು.

ಮಾಡಿನ ತಗಡು ಗೋಡೆಯಿಂದ 3 ಅಡಿಯಾದರೂ ಹೊರಗೆ ಚಾಚಿರಬೇಕು. ಇಲ್ಲದಿದ್ದರೆ ಪಡುವಣ ಬದಿಗಾದರೂ ಒಂದು ಇಳಿಜಾರು ತಗಡು ಸೇರಿಸಿ. ತಗಡಿಗೆ ಮೊಳೆ ಹೊಡೆದ ತೂತುಗಳನ್ನು ಮಳೆ ಬೀಳುವಾಗ ಒಳಗೆ ನಿಂತು ಒಂದೊಂದಾಗಿ ನೋಡಿ, ಹೊರಗಿನಿಂದ ಗೊತ್ತಾಗುವುದಿಲ್ಲ. ಎರಚಲು ತಡೆಯಲು ತಾಡಪತ್ರಿ ಕಟ್ಟುವಾಗ ಬಹಳ ಜನ ಮೇಲಿನಿಂದ ಕೆಳಗಿನವರೆಗೆ ಬಿಗಿಯಾಗಿ ಮುಚ್ಚಿಬಿಡುತ್ತಾರೆ. ಹಾಗೆ ಮಾಡಿದರೆ ಮಳೆ ನಿಲ್ಲುತ್ತದೆ ನಿಜ, ಆದರೆ 40 ಕೋಳಿಯ ಉಸಿರಿನ ಹಬೆ, ಹಾಸಿನಿಂದ ಏಳುವ ಹಸಿ ಗಾಳಿ ಎಲ್ಲಾ ಒಳಗೇ ಉಳಿದು ರಾತ್ರಿ ತಗಡಿಗೆ ತಾಗಿ ಹನಿಯಾಗಿ ಬೀಳುತ್ತದೆ. ತಾಡಪತ್ರಿಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿ. ಮೇಲೆ ಮಾಡಿನ ಕೆಳಗೆ ಒಂದು ಅಡಿ ಜಾಗ ಹಗಲೂ ರಾತ್ರಿ ತೆರೆದೇ ಇರಲಿ. ಬಿಸಿ ಹಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ತಾಡಪತ್ರಿಯನ್ನು ಪೂರ್ತಿ ಕೆಳಗಿಳಿಸಿ ಬದಿ ತೆರೆದುಬಿಡಿ.

ಶೆಡ್ ಎರೆ ನೆಲದ ಮೇಲೆ ಇದ್ದವರಿಗೆ ಇನ್ನೊಂದು ತೊಂದರೆ ಇದೆ, ಗದಗ, ನವಲಗುಂದ ಕಡೆಯವರು ಕೇಳಿಸಿಕೊಳ್ಳಿ. ಎರೆ ಮಣ್ಣು ಒಮ್ಮೆ ಕುಡಿದ ನೀರನ್ನು ಬಿಡುವುದೇ ಇಲ್ಲ. ಅಂಥಲ್ಲಿ ಗರಸು ಹಾಕಿ ಒಂದೂವರೆ ಅಡಿ ಎತ್ತರಿಸಿ ಬಡಿದು ಆಮೇಲೆ ನೆಲ ಮಾಡಬೇಕು. ಸುತ್ತ ಒಂದು ಸಣ್ಣ ಕಾಲುವೆ ಬೇಕೇ ಬೇಕು.

ಇಷ್ಟಾದ ಮೇಲೆ ಯಾವ ಹೊಟ್ಟು ಅನ್ನುವ ಪ್ರಶ್ನೆಗೆ ಬರೋಣ. ನಿಮ್ಮ ಜಾಗಕ್ಕೆ ನಾನು ಹೇಳುವುದು ಭತ್ತದ ಹೊಟ್ಟು. ಹಾನಗಲ್, ಕಲಘಟಗಿ ಕಡೆ ಭತ್ತ ಬೆಳೆಯುತ್ತಾರೆ, ಗಿರಣಿಗಳಿವೆ, ದೂರದಿಂದ ತರಬೇಕಾಗಿಲ್ಲ. ನೀರು ಹೀರುವುದರಲ್ಲಿ ಅದು ಎಲ್ಲಕ್ಕಿಂತ ಮುಂದೆ ಇಲ್ಲ, ರಂದಾ ಹೊಡೆದ ಕಟ್ಟಿಗೆ ಸಿಪ್ಪೆ ಅದಕ್ಕಿಂತ ಹೆಚ್ಚು ಕುಡಿಯುತ್ತದೆ. ಭತ್ತದ ಹೊಟ್ಟಿನ ಗುಣ ಬೇರೆ ಇದೆ. ಅದರಲ್ಲಿ ಸಿಲಿಕಾ ಹೆಚ್ಚು, ಬೇಗ ಕೊಳೆಯುವುದಿಲ್ಲ. ಒಂದೊಂದು ಹೊಟ್ಟೂ ಸಣ್ಣ ದೋಣಿಯಂತೆ ಬಾಗಿರುವುದರಿಂದ ನಡುವೆ ಗಾಳಿ ಆಡುತ್ತದೆ. ಕೈಯಾಡಿಸಿದರೆ ಸಡಿಲವಾಗಿ ಹರಿಯುತ್ತದೆ, ನೆನೆದರೂ ಬೇಗ ಆರುತ್ತದೆ. ನಮ್ಮ ಮಳೆಗಾಲಕ್ಕೆ ಬೇಕಾದದ್ದು ಇದೇ.

ಕೊಳ್ಳುವಾಗ ಒಂದು ಎಚ್ಚರ ಇರಲಿ. ಹಳೆಯ ಹಲ್ಲರ್ ಗಿರಣಿಯಲ್ಲಿ ಹೊಟ್ಟು, ತೌಡು ಎರಡೂ ಬೆರೆತು ಬರುತ್ತವೆ. ಮುಟ್ಟಿದರೆ ಹಿಟ್ಟಿನ ಹಾಗೆ ನುಣ್ಣಗೆ, ಸ್ವಲ್ಪ ಜಿಡ್ಡು. ಅದು ಹಾಸಿಗೆ ಬೇಡ. ತೌಡಿಗೆ ಇಲಿ ಬರುತ್ತದೆ, ತೇವ ತಾಗಿದರೆ ಬೂಸು ಹಿಡಿಯುತ್ತದೆ, ಕೋಳಿಯೂ ಅದನ್ನೇ ಹೆಕ್ಕುತ್ತಾ ಕೂರುತ್ತದೆ. ಹೊಟ್ಟು ಬೇರೆ, ತೌಡು ಬೇರೆ ಬರುವ ದೊಡ್ಡ ಗಿರಣಿಯಿಂದ ತನ್ನಿ. ಇಟ್ಟಿಗೆ ಭಟ್ಟಿಯವರೂ ಇದೇ ಹೊಟ್ಟನ್ನು ಎತ್ತುತ್ತಾರೆ, ಹಾಗಾಗಿ ಸುಗ್ಗಿಯಲ್ಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ಗಿರಣಿಯ ಅಂಗಳದಲ್ಲಿ ಮಳೆಯಲ್ಲಿ ನೆನೆದ ರಾಶಿ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.

ನಿಮ್ಮ ಶೆಡ್ಡಿಗೆ ಎಷ್ಟು ಬೇಕು? 120 ಚದರಡಿಗೆ 3 ಇಂಚು ಹಾಸಲು ಸುಮಾರು 85 ಕಿಲೋ ಹೊಟ್ಟು ಹಿಡಿಯುತ್ತದೆ. ಹೊಟ್ಟು ಹಗುರ, ಚೀಲ ದೊಡ್ಡದಾಗಿ ಕಂಡರೂ ತೂಕ ಬರುವುದಿಲ್ಲ. ತೂಕ ಕೇಳಿಯೇ ತನ್ನಿ.

ಶೇಂಗಾ ಸಿಪ್ಪೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯಲ್ಲಿ ಶೇಂಗಾ ಬೆಳೆಯುತ್ತಾರೆ, ಸಿಪ್ಪೆ ಸುಲಭಕ್ಕೆ ಸಿಗುತ್ತದೆ, ಅದಕ್ಕೇ ಜನ ಹಾಸುತ್ತಾರೆ. ಒಣಗಿದ್ದಾಗ ತಕ್ಕಮಟ್ಟಿಗೆ ಒಳ್ಳೆಯ ಹಾಸೇ. ಆದರೆ ಆಸ್ಪರ್ಜಿಲಸ್ ಅನ್ನುವ ಬೂಸು ಶೇಂಗಾಕ್ಕೆ ಅಂಟಿಕೊಂಡೇ ಬರುತ್ತದೆ. ಹೊಲದಲ್ಲೇ ಹಿಡಿದಿರಬಹುದು, ಗೋದಾಮಿನಲ್ಲೂ ಹಿಡಿಯಬಹುದು. ಸಿಪ್ಪೆ ತೇವವಾದರೆ ಅದು ಬೆಳೆದು ಕಣ್ಣಿಗೆ ಕಾಣದ ಪುಡಿ ಹಾರಿಸುತ್ತದೆ. ಆ ಪುಡಿ ಮರಿಯ ಪುಪ್ಪುಸಕ್ಕೆ ಇಳಿದರೆ ಮರಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಸದ್ದಿಲ್ಲದೆ ಸಾಯುತ್ತದೆ. ಇದಕ್ಕೆ ನಂಬಬಹುದಾದ ಔಷಧಿ ಇಲ್ಲ. ಒಂದು ಹಿಡಿ ಸಿಪ್ಪೆ ತೆಗೆದುಕೊಂಡು ಬಿಳಿ ಬಟ್ಟೆಯ ಮೇಲೆ ಕೊಡವಿ ನೋಡಿ. ಬೂದು ಇಲ್ಲವೇ ಹಸಿರು ಪುಡಿ ಉದುರಿದರೆ, ಮುಗ್ಗಲು ವಾಸನೆ ಬಂದರೆ ಅದು ಶೆಡ್ಡಿನೊಳಗೆ ಹೋಗುವುದು ಬೇಡ. ಈಗ ನಿಮ್ಮಲ್ಲಿ ಇರುವುದನ್ನು ಹಾಗೇ ತೆಗೆದುಬಿಡಿ. ಮುಂದೆ ಬೇಸಿಗೆಯಲ್ಲಿ, ಮಳೆ ಕಾಣದ ಸಿಪ್ಪೆ ಸಿಕ್ಕರೆ ಭತ್ತದ ಹೊಟ್ಟಿನ ಜೊತೆ ಅರ್ಧಕ್ಕರ್ಧ ಬೆರೆಸಿ ದೊಡ್ಡ ಕೋಳಿಗೆ ಹಾಸಬಹುದು. ಮರಿಗೆ ಮಾತ್ರ ಯಾವಾಗಲೂ ಬೇಡ.

ಉಳಿದವು ಬೇಗ ಹೇಳಿಬಿಡುತ್ತೇನೆ. ರಂದಾ ಸಿಪ್ಪೆ ಬಹಳ ಒಳ್ಳೆಯದು, ಹುಬ್ಬಳ್ಳಿಯಲ್ಲಿ ಬಡಿಗರ ಅಂಗಡಿಗಳ ಹತ್ತಿರ ಇರುವವರು ಅದನ್ನೇ ಹಾಸಲಿ. ಆದರೆ ಪ್ಲೈವುಡ್ ಕೊಯ್ದ ಪುಡಿ, ಪಾಲಿಶ್ ಹಚ್ಚಿದ ಕಟ್ಟಿಗೆಯ ಪುಡಿ ಬೆರೆತಿರಬಾರದು, ಅದರಲ್ಲಿ ಅಂಟು, ರಾಸಾಯನಿಕ ಇರುತ್ತದೆ. ಸಾಮಿಲ್ಲಿನ ನುಣ್ಣನೆಯ ಹೊಟ್ಟು ಧೂಳೇಳುತ್ತದೆ, ಮರಿಗಳು ಆಹಾರ ಅಂತ ತಿಂದು ಕುತ್ತಿಗೆಯ ಚೀಲ ಕಟ್ಟಿಕೊಳ್ಳುತ್ತವೆ. ಕಣಕಿ, ಭತ್ತದ ಹುಲ್ಲು ಉದ್ದುದ್ದ ಹಾಸಿದರೆ ಚಾಪೆಯಂತೆ ಹೆಣೆದುಕೊಂಡು ಕೆಳಗೆ ಕೊಳೆಯುತ್ತದೆ, ಹಾಸಲೇಬೇಕಾದರೆ ಇಂಚಿನಷ್ಟು ಕತ್ತರಿಸಬೇಕು. ಗೋವಿನಜೋಳದ ದಿಂಡು ಹಾವೇರಿಯಲ್ಲಿ ರಾಶಿಗಟ್ಟಲೆ ಸಿಗುತ್ತದೆ, ಆದರೆ ಪುಡಿ ಮಾಡಿಸಬೇಕು, ಹಸಿ ಇದ್ದರೆ ಶೇಂಗಾ ಸಿಪ್ಪೆಯ ಹಾಗೆಯೇ ಬೂಸು ಹಿಡಿಯುತ್ತದೆ. ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಕುಡಿಯುತ್ತದೆ, ಕುಡಿದದ್ದನ್ನು ಬೇಗ ಬಿಡುವುದಿಲ್ಲ, ಮಳೆಗಾಲಕ್ಕೆ ಹೊಂದುವುದಿಲ್ಲ. ಕಬ್ಬಿನ ಸಿಪ್ಪೆಯಲ್ಲಿ ಸಕ್ಕರೆಯ ಅಂಶ ಉಳಿದಿರುತ್ತದೆ, ಹುಳಿತು ಗಟ್ಟಿಯಾಗುತ್ತದೆ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಅಂತ ಕೇಳಿದಿರಿ. ಇಲ್ಲಿ ಕಾಲ ಮುಖ್ಯ. ಆಳದ ಹಾಸು ಅಂತ ಒಂದು ಪದ್ಧತಿ ಇದೆ, ಕೋಳಿ ಸಾಕುವವರು ಡೀಪ್ ಲಿಟ್ಟರ್ ಅನ್ನುತ್ತಾರೆ. ಮೊದಲು 3-4 ಇಂಚು ಹಾಸಿ, ಆಗಾಗ ಹೊಸ ಹೊಟ್ಟು ಸೇರಿಸುತ್ತಾ 6 ಇಂಚಿನವರೆಗೆ ಏರಿಸುತ್ತಾರೆ. ಅದರೊಳಗೆ ಸೂಕ್ಷ್ಮಜೀವಿಗಳು ನೆಲೆಸಿ ಹಿಕ್ಕೆಯನ್ನು ಅಲ್ಲೇ ಕರಗಿಸುತ್ತವೆ. ಆರು ತಿಂಗಳು, ವರ್ಷದವರೆಗೂ ಪೂರ್ತಿ ತೆಗೆಯದೆ ನಡೆಸಬಹುದು. ಚೆನ್ನಾಗಿ ಮಾಗಿದ ಹಾಸಿಗೆ ಮಣ್ಣಿನ ವಾಸನೆ ಇರುತ್ತದೆ, ಹಿಕ್ಕೆಯ ವಾಸನೆ ಇರುವುದಿಲ್ಲ. ಆದರೆ ಇದನ್ನು ಒಣ ಕಾಲದಲ್ಲಿ ಶುರು ಮಾಡಬೇಕು. ಮಿರಗದ ಮಳೆ ಬರುವುದಕ್ಕೆ ಎರಡು ತಿಂಗಳಾದರೂ ಮೊದಲು ಹಾಸಿರಬೇಕು, ಆಗ ಮಳೆ ಬರುವಷ್ಟರಲ್ಲಿ ಅದು ಮಾಗಿರುತ್ತದೆ. ನಡು ಮಳೆಗಾಲದಲ್ಲಿ ಶುರು ಮಾಡಿದರೆ ಮಾಗುವ ಮೊದಲೇ ಕೊಳೆಯುತ್ತದೆ.

ಅದರಿಂದ ನೀವು ಈಗ ಆಳದ ಹಾಸಿಗೆ ಹೋಗಬೇಡಿ. ಒಂದು ಬಿಸಿಲಿನ ದಿನ ನೋಡಿ ಈಗಿರುವ ಎಲ್ಲಾ ಸಿಪ್ಪೆಯನ್ನು ತೆಗೆಯಿರಿ, ರೋಗ ಬಂದ ಶೆಡ್ ಆದ್ದರಿಂದ ಇದೊಂದು ಸಲ ಪೂರ್ತಿ ತೆಗೆಯಲೇಬೇಕು. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮನೆಯಲ್ಲಿ ದಮ್ಮು ಇರುವವರು ಹತ್ತಿರ ಬರಬಾರದು. ನೆಲವನ್ನು ಒಣದಾಗಿಯೇ ಕೆರೆದು, ಫರಸಿಯ ಸಂದುಗಳಿಗೆ ಕುದಿಯುವ ನೀರು ಹೊಯ್ಯಿರಿ, ಬಿಸಿಗೆ ರಕ್ತಭೇದಿಯ ತತ್ತಿಗಳು ಸಾಯುತ್ತವೆ. ಆಮೇಲೆ ಸುಣ್ಣ ಬಳಿದು, ಕೋಳಿಗಳನ್ನು ಹೊರಗೆ ಬೇರೆ ಕಡೆ ಕಟ್ಟೆ ಮಾಡಿ ಇಟ್ಟು, ನೆಲ ಪೂರ್ತಿ ಆರುವವರೆಗೆ ಬಿಡಿ. ಎರಡು ದಿನಕ್ಕಿಂತ ಹೆಚ್ಚೇ ಬೇಕಾಗಬಹುದು. ಅದು ಮುಗಿದ ಮೇಲೆ ಸಂದುಗಳನ್ನು ಸಿಮೆಂಟಿನಿಂದ ತುಂಬಿಸಿಬಿಡಿ. ಹೊಸ ಹೊಟ್ಟು 3 ಇಂಚು ಸಾಕು. ದಸರಾ ಮುಗಿಯುವವರೆಗೆ ದಿನಾ ಹಸಿಯಾದ ಜಾಗವನ್ನಷ್ಟೇ ಬುಟ್ಟಿಯಲ್ಲಿ ಎತ್ತಿ, ಅಷ್ಟೇ ಒಣ ಹೊಟ್ಟು ಅಲ್ಲಿಗೆ ಹಾಕಿ. ಒಂದೆರಡು ಚೀಲ ಒಣ ಹೊಟ್ಟು ಯಾವಾಗಲೂ ಮಾಳಿಗೆಯ ಮೇಲೋ ಪಡಸಾಲೆಯಲ್ಲೋ ಇರಲಿ. ಮಳೆ ಹೋದ ಮೇಲೆ ಆಳದ ಹಾಸು ಶುರು ಮಾಡಿ.

ಹಾಸು ಸರಿ ಇದೆಯಾ ಇಲ್ಲವಾ ಅಂತ ತಿಳಿಯಲು ಯಂತ್ರ ಬೇಕಿಲ್ಲ. ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಚುಕಿ, ಕೈ ಬಿಚ್ಚಿ. ಉಂಡೆ ಉಂಡೆಯಾಗಿಯೇ ನಿಂತರೆ ತೇವ ಜಾಸ್ತಿಯಾಗಿದೆ. ಉಂಡೆ ಕಟ್ಟಿದಂತೆ ಆಗಿ, ಬೆರಳು ಬಿಚ್ಚಿದಾಗ ಬಿರುಕುಬಿಟ್ಟು ಉದುರಿದರೆ ಸರಿಯಾಗಿದೆ, ಅಲ್ಲಿ ನೂರಕ್ಕೆ 20-25ರಷ್ಟು ತೇವ ಇರುತ್ತದೆ. ಕಟ್ಟಿಕೊಳ್ಳದೆ ಬೆರಳ ಸಂದಿನಿಂದ ಜಾರಿ ಧೂಳೆದ್ದರೆ ತೀರಾ ಒಣಗಿದೆ. ಒಂದೇ ಕಡೆ ನೋಡಬೇಡಿ. ನೀರಿನ ಹತ್ತಿರ, ಕೋಳಿ ರಾತ್ರಿ ಕೂರುವ ಕೋಲಿನ ಕೆಳಗೆ, ಪಡುವಣ ಮೂಲೆಯಲ್ಲಿ, ನಡುವೆ, ನಾಲ್ಕೂ ಕಡೆ ಹಿಡಿದು ನೋಡಿ. ಎಲ್ಲಿ ಉಂಡೆ ನಿಲ್ಲುತ್ತದೋ ಅಲ್ಲಿ ಮೇಲೆ ನೋಡಿ, ಪಕ್ಕದಲ್ಲಿ ನೋಡಿ, ನೀರು ಬರುವ ದಾರಿ ಸಿಕ್ಕೇ ಸಿಗುತ್ತದೆ.

ವಾರಕ್ಕೆ ಎರಡು ಸಲ ಹಲ್ಲಿನ ರೇಕಿನಿಂದ ಪೂರ್ತಿ ಹಾಸನ್ನು ತಳದವರೆಗೆ ತಿರುವಿ ಹಾಕಿ. ಇದನ್ನು ಬೆಳಗಿನ ಹೊತ್ತು ಏರಿದ ಮೇಲೆ, ಕೋಳಿ ಹೊರಗೆ ಬಿಟ್ಟು, ತಾಡಪತ್ರಿ ಇಳಿಸಿ ಮಾಡಬೇಕು, ಯಾಕೆಂದರೆ ತಿರುವಿದಾಗ ಒಮ್ಮೆಗೆ ಘಾಟು ಏಳುತ್ತದೆ. ಹೆಂಟೆ ಕಟ್ಟಿದ್ದನ್ನು ಒಡೆಯುತ್ತಾ ಕೂರಬೇಡಿ, ಎತ್ತಿ ಹೊರಗೆ ಹಾಕಿ. ನೊಣದ ತತ್ತಿ ಬೆಚ್ಚನೆಯ ದಿನಗಳಲ್ಲಿ ಏಳೆಂಟು ದಿನದಲ್ಲೇ ನೊಣವಾಗಿ ಏಳುತ್ತದೆ. ಅದಕ್ಕೆ ಮೊದಲೇ ಎರಡು ಸಲ ತಿರುವಿ ಒಣಗಿಸಿದರೆ ಹುಳ ಉಳಿಯುವುದಿಲ್ಲ, ನೊಣಕ್ಕೆ ಬೇರೆ ಔಷಧಿ ಹೊಡೆಯುವ ಕೆಲಸವೂ ತಪ್ಪುತ್ತದೆ. ರೋಗ ಪೂರ್ತಿ ಹೋಗಿ ಹಾಸು ಒಣಗಿದ ಮೇಲೆ ಸಂಜೆ ಒಂದು ಹಿಡಿ ಜೋಳ ಹಾಸಿನ ಮೇಲೆ ಚೆಲ್ಲಿ. ಕೋಳಿಗಳೇ ಕೆದರಿ ಕೆದರಿ ಅರ್ಧ ಕೆಲಸ ಮಾಡಿಕೊಡುತ್ತವೆ. ಈಗಲೇ ಚೆಲ್ಲಬೇಡಿ, ಹಸಿ ನೆಲದಿಂದ ಕಾಳು ಹೆಕ್ಕಿದರೆ ರೋಗವನ್ನೂ ಹೆಕ್ಕಿದಂತೆ.

ಎಲ್ಲಕ್ಕಿಂತ ಸುಲಭಕ್ಕೆ ದೊಡ್ಡ ಲಾಭ ಕೊಡುವುದು ರಾತ್ರಿ ಕೂರುವ ಕೋಲಿನ ಕೆಳಗೆ ಇಡುವ ಹಲಗೆ. ಕೋಳಿ ಹಾಕುವ ಹಿಕ್ಕೆಯಲ್ಲಿ ಅರ್ಧಕ್ಕೆ ಹತ್ತಿರದಷ್ಟು ರಾತ್ರಿಯೇ ಬೀಳುತ್ತದೆ, ಅದೂ ಒಂದೇ ಸಾಲಿನಲ್ಲಿ. ಕೋಲಿನ ಕೆಳಗೆ ಅರ್ಧ ಅಡಿ ಬಿಟ್ಟು ಹಳೆಯ ತಗಡೋ ಹಲಗೆಯೋ ಇಡಿ, ಮೇಲೆ ತೆಳ್ಳಗೆ ಹೊಟ್ಟು ಉದುರಿಸಿ. ಬೆಳಿಗ್ಗೆ ಎದ್ದು ಒಂದು ಸಲ ಕೆರೆದು ಬುಟ್ಟಿಗೆ ಹಾಕಿದರೆ ಹಾಸಿನ ಮೇಲಿನ ಭಾರ ಅರ್ಧ ಇಳಿಯಿತು. ಗಿರಿರಾಜ ಭಾರದ ಕೋಳಿ, ಅದಕ್ಕೆ ಕೋಲು ಎರಡು ಅಡಿಗಿಂತ ಎತ್ತರ ಬೇಡ, ಹಾರಿ ಇಳಿಯುವಾಗ ಪಾದ ಕೆಡುತ್ತದೆ. ಒಂದು ಕೋಳಿಗೆ 8 ಇಂಚು ಜಾಗ ಲೆಕ್ಕ ಹಿಡಿಯಿರಿ.

ಮರಿಗಳಿಗೆ ಬೇರೆ ಮೂಲೆ, ಬೇರೆ ನೀರು, ಬೇರೆ ಹಾಸು. ದಿನಾ ಮೊದಲು ಮರಿಗಳ ಕೆಲಸ ಮುಗಿಸಿ ಆಮೇಲೆ ದೊಡ್ಡ ಕೋಳಿಗಳ ಕಡೆ ಹೋಗಿ, ನಿಮ್ಮ ಕಾಲಿಗೆ ಅಂಟಿಕೊಂಡು ಹೋದ ಹಿಕ್ಕೆಯೂ ಮರಿಗಳಿಗೆ ರೋಗ ಹಚ್ಚಲು ಸಾಕು. ಮುಂದಿನ ಸಲ ಒಂದು ದಿನದ ಮರಿ ತಂದಾಗ 2 ಇಂಚು ಹೊಟ್ಟು ಹಾಸಿ, ಮೊದಲ ಎರಡು ಮೂರು ದಿನ ಅದರ ಮೇಲೆ ಕಾಗದ ಹಾಸಿರಿ, ಹೊಟ್ಟನ್ನೇ ಆಹಾರ ಅಂತ ತಿನ್ನದಿರಲಿ. ನುಣುಪಾದ ನ್ಯೂಸ್ ಪೇಪರ್ ಬೇಡ, ಕಾಲು ಜಾರಿ ಮರಿಯ ಕಾಲು ಎರಡೂ ಕಡೆಗೆ ಚಾಚಿಬಿಡುತ್ತದೆ. ರಟ್ಟಿನ ಡಬ್ಬಿಯ ಏಣು ಇರುವ ಬದಿ ಮೇಲೆ ಮಾಡಿ ಹಾಸಿದರೆ ಹಿಡಿತ ಸಿಗುತ್ತದೆ.

ಬೇಸಿಗೆಯಲ್ಲಿ ಇದೆಲ್ಲಾ ತಿರುವುಮುರುವು. ಆಗ ಹೆಚ್ಚು ಆಳದ ಹಾಸು ಶೆಖೆ ಹಿಡಿದಿಡುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಮೇಲಿನ ಒಂದಿಷ್ಟು ತೆಗೆದು ತೆಳ್ಳಗೆ ಮಾಡಿ.

ಕೊನೆಗೆ ಮೆಣಸಿನಕಾಯಿ ಹೊಲದ ಮಾತು. ಕೊಡಿ, ಆದರೆ ಹಸಿಯಾಗಿ ಕೊಡಬೇಡಿ. ಕೋಳಿ ಗೊಬ್ಬರದಲ್ಲಿ ಸಾರಜನಕ ಹೆಚ್ಚು, ಹಸಿಯದನ್ನು ಬುಡಕ್ಕೆ ಹಾಕಿದರೆ ಸಸಿ ಸುಟ್ಟುಹೋಗುತ್ತದೆ. ನೆರಳಿನಲ್ಲಿ ಮೂರಡಿ ಎತ್ತರ ರಾಶಿ ಮಾಡಿ, ಮೇಲೆ ತಾಡಪತ್ರಿ ಹೊದಿಸಿ, ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿ. ಒಳಗೆ ಕೈ ಇಡಲಾಗದಷ್ಟು ಬಿಸಿ ಏರಬೇಕು, ಆ ಬಿಸಿಗೆ ರೋಗದ ಬೀಜಗಳು ಸಾಯುತ್ತವೆ. ಮೂರು ತಿಂಗಳಾದ ಮೇಲೆ ಬಿಸಿ ಇಳಿದು, ಘಾಟು ಹೋಗಿದ್ದರೆ ಕೊಡಬಹುದು. ಭತ್ತದ ಹೊಟ್ಟು ಆಗಲೂ ಪೂರ್ತಿ ಕರಗಿರುವುದಿಲ್ಲ, ಅದರಿಂದ ತೊಂದರೆ ಇಲ್ಲ. ಸತ್ತ ಮರಿಗಳನ್ನು ಮಾತ್ರ ಆ ರಾಶಿಗೆ ಎಸೆಯಬೇಡಿ, ಬೇರೆ ಕಡೆ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹುಗಿಯಿರಿ. ಹೆಣ ಬೆರೆತ ಕೋಳಿ ಗೊಬ್ಬರದಲ್ಲಿ ಬೊಟುಲಿಸಂ ಅನ್ನುವ ರೋಗ ತರುವ ವಿಷ ಹುಟ್ಟಬಹುದು. ಆ ಗೊಬ್ಬರ ಬಿದ್ದ ಜಾಗದಲ್ಲಿ ಮೇಯ್ದ ದನಕ್ಕೆ ಕಾಲಲ್ಲಿ ಬಲ ಹೋಗಿ ಮಲಗಿದರೆ ಏಳುವುದೇ ಇಲ್ಲ. ರಾಶಿಯ ಸುತ್ತ ಮುಳ್ಳು ಬೇಲಿ ಹಾಕಿ, ನಿಮ್ಮ ಎಮ್ಮೆ ಆಕಳು ಅತ್ತ ಹೋಗದಂತೆ ನೋಡಿಕೊಳ್ಳಿ. ಪಕ್ಕದ ಮನೆಯವರಿಗೂ ಹೇಳಿ, ಹೊಲದಲ್ಲಿ ಚೆಲ್ಲಿದ ದಿನವೇ ಮಣ್ಣಿಗೆ ಬೆರೆಸಿಬಿಡಲಿ.